ಹದಿನೇಳನೆಯ ಗುಂಡು

ಬಾಗಿಲು ಹಾಕಿಕೊಳ್ಳಿ. ಹೇಳುತ್ತೇನೆ.

ಇದು ನನ್ನ ಸೋದರತ್ತೆಯ ಮಗಳು ಅನುರಾಧಾಳಿಗೆ ಆದದ್ದು. ಹೋದ ಚಳಿಗಾಲದಲ್ಲಿ. ಅವಳು ಕರಿಕಟ್ಟಿ ರೋಡ್ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗಾಡಿಗೆ ಹಳಿ ತಿರುಗಿಸಿ ಕೊಡುವ ಕೆಲಸ. ಹೆಂಗಸಾದರೂ ಹುದ್ದೆಯ ಹೆಸರು ಅದೇ. ಡ್ಯೂಟಿ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ಸ್ಟೇಷನ್ನಿನಿಂದ ಮನೆಗೆ ಸಾವಿರದ ನಾಲ್ಕುನೂರು ಮೀಟರ್. ನಾನು ಅಳೆದಿದ್ದೇನೆ. ನಡುದಾರಿಯಲ್ಲಿ ಎಂಜಿನ್ ಬಾವಿ.

ಆ ಸೋಮವಾರ ಅವಳು ಚಾರ್ಜು ಕೊಟ್ಟು, ಕಿವಿಗೆ ಶಾಲು ಸುತ್ತಿಕೊಂಡು ಪ್ಲಾಟ್‌ಫಾರ್ಮಿನಿಂದ ಇಳಿದಳು. ಯಾಕೋ ಒಮ್ಮೆ ಹಿಂದೆ ನೋಡಿದಳು. ಬದಾಮಿ ದಿಕ್ಕಿಗೆ, ಹಳ್ಳದ ಬ್ರಿಜ್ಜಿನ ಮೇಲೆ, ಒಂದು ಬೆಳಕು.

ಹಳದಿ ಬೆಳಕು. ಟಾರ್ಚಿನದಲ್ಲ. ಒಂದು ಹೆಜ್ಜೆ ಮುಂದೆ ಬರುತ್ತಿತ್ತು... ನಿಲ್ಲುತ್ತಿತ್ತು... ನೆಲದ ತನಕ ಇಳಿಯುತ್ತಿತ್ತು. ಮತ್ತೆ ಮೇಲೆ. ಮತ್ತೊಂದು ಹೆಜ್ಜೆ. ಯಾರೋ ಏನನ್ನೋ ಹುಡುಕುವ ಹಾಗೆ.

ಹಳಿ ರಿಪೇರಿಯ ಗ್ಯಾಂಗಿನವರು ಇರಬೇಕು ಅಂದುಕೊಂಡು ಮನೆಗೆ ಹೋದಳು.

ಮರುದಿನ ಸ್ಟೇಷನ್ ಮಾಸ್ತರ ಸಂತೋಷಕುಮಾರನಿಗೆ ಹೇಳಿದಳು. ಅವನು ಚಹಾದ ಕಪ್ಪು ಕೆಳಗಿಡದೆ ನಕ್ಕ.

"ಕಂದೀಲು? ಈಗ ಯಾರ ಮನ್ಯಾಗ ಐತಿ ತಂಗಿ ಕಂದೀಲು? ಬ್ರಿಜ್ಜಿನ ಮ್ಯಾಲೆ ಕುಂತು ಕುಡ್ಯಾವ್ರು ಇರಬೇಕು. ಕೆಳಗ ಬಿದ್ದ ಚೂಡಾ ಹುಡುಕಾಕ ಹತ್ತಿರಬೇಕು."

"ಗ್ಯಾಂಗಿನಾವ್ರು ಬಂದಿದ್ರೇನ್ರಿ ನಿನ್ನೆ?"

"ಯಾರೂ ಇಲ್ಲ. ಬುಕ್ ನೋಡಬೇಕಂದ್ರ ನೋಡು."

ಅವಳು ಬುಕ್ ನೋಡಿದಳು. ಯಾರೂ ಇರಲಿಲ್ಲ.

ಆ ಸ್ಟೇಷನ್ನಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈಗ ಅಲ್ಲಿ ದಿನಕ್ಕೆ ಎರಡೇ ಪ್ಯಾಸೆಂಜರ್ ನಿಲ್ಲುತ್ತವೆ. ಒಂದು ಕಾಲಕ್ಕೆ ಉಗಿ ಎಂಜಿನ್ನುಗಳೆಲ್ಲ ಅಲ್ಲಿ ನಿಂತು ನೀರು ಕುಡಿದು ಹೋಗುತ್ತಿದ್ದವು. ಅದಕ್ಕೆಂದೇ ಬ್ರಿಟಿಷರ ಕಾಲದಲ್ಲಿ ಆ ಬಾವಿ ತೋಡಿಸಿದ್ದರು. ಇಳಕಲ್ಲಿನ ಸೀರೆಯ ಗಂಟುಗಳು ಚಕ್ಕಡಿಯಲ್ಲಿ ಬಂದು ಅಲ್ಲಿಂದ ಗಾಡಿ ಹತ್ತುತ್ತಿದ್ದವು. ಮಹಾಕೂಟಕ್ಕೆ ಹೋಗುವವರು ಬೆಳಗಿನ ಗಾಡಿಗೆ ಇಳಿದು ನಡೆಯುತ್ತಿದ್ದರು. ಆಮೇಲೆ ಉಗಿ ಹೋಯಿತು. ಮೀಟರ್ ಗೇಜ್ ಹೋಯಿತು. ಬಾವಿ ಮತ್ತು ಕಲ್ಲಿನ ಹಳೆಯ ಸ್ಟೇಷನ್ ಉಳಿದವು. ಈಗ ಎರಡನೆಯ ಹಳಿ ಬರುತ್ತಿದೆ. ಪಕ್ಕದಲ್ಲೇ ಹೊಸ ಕಟ್ಟಡ ಎದ್ದಿದೆ. ಹಳೆಯದನ್ನು ಒಡೆಯುವ ದಿನ ಗೊತ್ತಾಗಿತ್ತು.

ಹಳೆಯ ಕಟ್ಟಡದ ಮಾಸ್ತರರ ಖೋಲಿಯಲ್ಲಿ ಕೆಂಪು ಬಣ್ಣದ ಕಬ್ಬಿಣದ ಮಷಿನ್ ಒಂದಿತ್ತು. ಬದಾಮಿ ಕಡೆಯ ಹಳಿಗೆ ಸೇರಿದ್ದು. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬರಬಾರದಲ್ಲ. ಅದಕ್ಕೆ ಆ ಕಾಲದಲ್ಲಿ ಪ್ರತಿ ಡ್ರೈವರನಿಗೆ ಒಂದು ಉಕ್ಕಿನ ಗುಂಡು ಕೊಡುತ್ತಿದ್ದರು. ಬೆತ್ತದ ಬಳೆಗೆ ಕಟ್ಟಿದ ತೊಗಲಿನ ಚೀಲದಲ್ಲಿ. ಗುಂಡಿದ್ದರೆ ಮಾತ್ರ ಗಾಡಿ ಹೊರಡಬೇಕು. ಮುಂದಿನ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಓಡುವ ಗಾಡಿಯಿಂದ ಬಳೆ ಹಿಡಿದು, ಗುಂಡು ತೆಗೆದು, ಅದರ ನಂಬರು ಕೂಗಿ ಮಾಸ್ತರರ ಕೈಗೆ ಕೊಡಬೇಕು. ಮಾಸ್ತರರು ಅದೇ ನಂಬರು ತಿರುಗಿ ಹೇಳಿ ಮಷಿನ್ನಿಗೆ ಹಾಕಬೇಕು. ಹಾಕುವವರೆಗೆ ಆ ಹಳಿಯ ಮೇಲೆ ಇನ್ನೊಂದು ಗಾಡಿ ಹೊರಡದು. ಕೈಯಿಂದ ಕೈಗೆ. ನಡುವೆ ನೆಲಕ್ಕೆ ಇಡಬಾರದು, ಕಿಸೆಗೂ ಹಾಕಬಾರದು.

ಅನುರಾಧಾಳ ಅಪ್ಪ ದೇವಪ್ಪ ಆ ಸ್ಟೇಷನ್ನಿನಲ್ಲೇ ಇಪ್ಪತ್ತಾರು ವರ್ಷ ಗುಂಡು ಹಿಡಿದವನು. ಈಗ ಎಡಗಾಲು ಎಳೆಯುತ್ತಾನೆ. ನನ್ನ ಅತ್ತೆ ಶಾರವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ.

ಮಷಿನ್ನನ್ನು ಇಲಾಖೆಯ ಪ್ರದರ್ಶನಕ್ಕೆ ಒಯ್ಯಬೇಕೆಂದು ಆ ಸೋಮವಾರ ಮಧ್ಯಾಹ್ನವೇ ಅದರ ವೈರು ಕತ್ತರಿಸಿದ್ದರು. ಸೋಮವಾರ ರಾತ್ರಿಯೇ ಬ್ರಿಜ್ಜಿನ ಮೇಲೆ ಬೆಳಕು ಕಂಡಿತು. ಅವೆರಡನ್ನೂ ಅನುರಾಧಾ ಆಗ ಜೋಡಿಸಿ ನೋಡಲಿಲ್ಲ.

ಮಂಗಳವಾರ ಬೆಳಕು ಪ್ಲಾಟ್‌ಫಾರ್ಮಿನ ತುದಿಗೆ ಬಂದಿತ್ತು.

ಈ ಸಲ ಸದ್ದೂ ಕೇಳಿತು. ಮೊದಲು ಕಂದೀಲಿನ ಹಿಡಿಕೆ... ಕೀಂಯ್... ಕೀಂಯ್. ಆಮೇಲೆ ಹಳಿಯ ನಡುವಿನ ಜಲ್ಲಿಯನ್ನು ಕೈಯಿಂದ ಸರಿಸುವ ಸದ್ದು. ಖರಕ್. ಖರಕ್. ಖರಕ್.

"ಯಾರ್ರಿ ಅಲ್ಲಿ?" ಅಂದಳು.

ಖರಕ್ ನಿಂತಿತು. ಹಿಡಿಕೆಯ ಸದ್ದೂ ನಿಂತಿತು. ಬೆಳಕು ನೆಲದ ಮಟ್ಟದಲ್ಲೇ ಇತ್ತು, ಅಲುಗದೆ. ಯಾರೋ ಕೂತಲ್ಲಿಂದಲೇ ತಲೆ ಎತ್ತಿ ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು ಅವಳಿಗೆ. ಮುಖ ಕಾಣಲಿಲ್ಲ.

ಅವಳು ಓಡಲಿಲ್ಲ. ಬೇಗ ನಡೆದಳು. ಬಾವಿ ದಾಟಿದ ಮೇಲೆ ಓಡಿದಳು.

ಬುಧವಾರ ಚಾರ್ಜು ಕೊಡುವಾಗ ಸಂತೋಷಕುಮಾರ ಅಂದ, "ನಾಳೆ ಬೆಳಿಗ್ಗೆ ಆರಕ್ಕ ಲಾರಿ ಬರತೈತಿ. ಹಳೇ ಖೋಲಿ ಕೀಲಿ ನಿನ್ನ ಕಡೆ ಇಟ್ಕೊ. ನಾ ತಡಾ ಆದ್ರ ನೀನ ತಗದ ಕೊಡು, ಮಷಿನ್ ಏರಿಸಿ ಕಳಸು."

"ಆತ್ರಿ."

"ಮುಖ ಯಾಕ ಹಂಗ ಮಾಡೀದಿ? ಕಂದೀಲು ಮತ್ತ ಕಂಡಿತೇನು?"

ಅವಳು ಕೀಲಿ ತೆಗೆದುಕೊಂಡು ಶಾಲು ಸುತ್ತಿಕೊಂಡಳು. ಅವನು ಮತ್ತೆ ನಗಲಿಲ್ಲ.

ಹೊರಗೆ ಬಂದು ಮೊದಲು ಬ್ರಿಜ್ಜು ನೋಡಿದಳು. ಕತ್ತಲು. ಪ್ಲಾಟ್‌ಫಾರ್ಮಿನ ತುದಿ ನೋಡಿದಳು. ಕತ್ತಲು. ಎದೆಯ ಮೇಲಿನ ಭಾರ ಇಳಿಯಿತು. ನಡೆದಳು. ಚಳಿಗೆ ಹಳಿಗಳು ಕುಗ್ಗುವ ಸದ್ದು ಮಾತ್ರ... ಟಿಕ್... ಟಿಕ್.

ಬಾವಿ ಇಪ್ಪತ್ತು ಹೆಜ್ಜೆ ಇರುವಾಗ ಸೀಮೆಎಣ್ಣೆಯ ವಾಸನೆ ಬಂತು.

ಬಾವಿಯ ಕಟ್ಟೆಗೆ ಹೊಟ್ಟೆ ಹಚ್ಚಿ ಒಬ್ಬ ಬಗ್ಗಿದ್ದ. ಕೈ ಬಾವಿಯೊಳಗೆ ಚಾಚಿತ್ತು. ಕೈಯಲ್ಲಿ ಕಂದೀಲು. ಬಾವಿಯ ಒಳಗೋಡೆಯೆಲ್ಲ ಹಳದಿ. ಬಿಳಿ ಕೋಟು. ಆ ಕೋಟನ್ನು ಅವಳು ಎಲ್ಲೋ ನೋಡಿದ್ದಳು... ಹಳೆಯ ಖೋಲಿಯ ಗೋಡೆಯ ಮೇಲಿನ ಒಂದು ಫೋಟೋದಲ್ಲಿ.

ಅವಳ ಕಾಲು ನಿಂತವು.

ಅವನು ತಲೆ ಎತ್ತಲಿಲ್ಲ. ಬಾವಿಯೊಳಗೇ ಮಾತಾಡಿದ. ಮಾತು ಒಳಗಿನಿಂದ ತಿರುಗಿ ಬಂತು.

"ಇಲ್ಲೂ ಇಲ್ಲ..."

 ಆಮೇಲೆ ಪಿಸುಮಾತಿನಲ್ಲಿ, "ತಂಗಿ... ನಿನ್ನ ಕಣ್ಣಿಗೆ ಏನರ ಬಿತ್ತೇನು? ದುಂಡಗ... ಇಷ್ಟ ಐತಿ ನೋಡು."

ಬಾವಿಯೊಳಗಿನ ಕೈ ಹೊರಗೆ ಬರತೊಡಗಿತು. ಎಷ್ಟಿದೆ ಅಂತ ತೋರಿಸಲಿಕ್ಕೆ.

ಅವಳು ಓಡಿದಳು. ಹಿಂದೆ ಹೆಜ್ಜೆ ಕೇಳಿದವು. ಅವು ಓಡುತ್ತಿರಲಿಲ್ಲ. ಟಕ್... ಪಸ್. ಟಕ್... ಪಸ್. ಅವಳು ಎಷ್ಟು ಓಡಿದರೂ ಸದ್ದು ಅಷ್ಟೇ ದೂರದಲ್ಲಿ ಇತ್ತು.

ಅಪ್ಪ ಎಚ್ಚರಿದ್ದ. ಹೊರಸಿನ ಮೇಲೆ ಗೋಡೆಗೆ ಬೆನ್ನು ಆನಿಸಿ ಕೂತಿದ್ದ. ಅವಳು ಅಗಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಯಾರು ಅದಾರ ಹಿಂದ?" ಅಂದ ಅಪ್ಪ. ಮೆಲ್ಲಗೆ.

"ಗೊತ್ತಿಲ್ಲ."

"ಹೆಜ್ಜಿ ಹೆಂಗ ಕೇಳಸ್ತು?"

ವಿಚಿತ್ರ ಪ್ರಶ್ನೆ. ಆದರೂ ಹೇಳಿದಳು. "ಒಂದು ಕಾಲಿನ್ಯಾಗ ಬೂಟು ಇದ್ದಂಗ. ಒಂದು ಬರಿಗಾಲು."

ಅಪ್ಪ ಕಣ್ಣು ಮುಚ್ಚಿದ. 

"ಮಷಿನ್ ಯಾವಾಗ ಒಯ್ಯತಾರ?"

"ಮುಂಜಾನೆ ಆರಕ್ಕ. ಯಾಕ?"

"ಮಷಿನ್ ಹೋದ್ರ ಅವರು ಎಲ್ಲಿ ಹುಡುಕಬೇಕು?" ಅಂದ ಅಪ್ಪ. "ಸೀದಾ ಇಲ್ಲೇ ಬರ್ತಾರ. ದಿನಾ ಬರ್ತಾರ."

ಅವಳಿಗೆ ಹಳೆಯ ಕತೆ ಗೊತ್ತಿತ್ತು. ಊರಿಗೆಲ್ಲ ಗೊತ್ತು. ಮೂವತ್ತು ವರ್ಷದ ಹಿಂದೆ ಅಂದಾನಪ್ಪ ಅನ್ನುವ ಮಾಸ್ತರರು ಇದ್ದರು. ಒಂದು ರಾತ್ರಿ ಬದಾಮಿಯಿಂದ ಬಂದ ಪ್ಯಾಸೆಂಜರಿನ ಗುಂಡು ಬಳೆಯಿಂದ ಜಾರಿ ಹಳಿಯ ಮೇಲೆ ಎಲ್ಲೋ ಬಿತ್ತು. ಮಾಸ್ತರರು ಕಂದೀಲು ಹಿಡಿದು ಹುಡುಕುತ್ತ ಬ್ರಿಜ್ಜಿಗೆ ಹೋದರು. ಬ್ರಿಜ್ಜಿನ ಮೇಲೆ ಹಳಿಯಡಿಯ ಸ್ಲೀಪರುಗಳ ನಡುವೆ ಹಲಗೆ ಇರಲಿಲ್ಲ. ಕಾಲು ಜಾರಿ ಹಳ್ಳದ ಬಂಡೆಯ ಮೇಲೆ ಬಿದ್ದರು. ಬೆಳಿಗ್ಗೆ ನೋಡಿದರೆ ಕಂದೀಲು ಬ್ರಿಜ್ಜಿನ ಮೇಲೆ ಇನ್ನೂ ಉರಿಯುತ್ತಿತ್ತು. ಒಂದು ಬೂಟು ಸ್ಲೀಪರಿನ ನಡುವೆ ಸಿಕ್ಕಿಕೊಂಡಿತ್ತು. ಗುಂಡು ಸಿಗಲೇ ಇಲ್ಲ.

ಬೂಟಿನ ಮಾತು ಮಾತ್ರ ಅವಳು ಈಗ ಅಪ್ಪನ ಬಾಯಿಂದ ಮೊದಲ ಸಲ ಕೇಳಿದಳು.

"ಆ ಟ್ರಂಕಿನ್ಯಾಗ ನಿನ್ನ ಕುಂಚಗಿ ಐತಿ. ತಗಿ," ಅಂದ ಅಪ್ಪ.

ಅವಳು ಕೂಸಿದ್ದಾಗ ತಲೆಗೆ ಕಟ್ಟುತ್ತಿದ್ದ ಖಣದ ಕುಂಚಗಿ. ಟ್ರಂಕಿನ ತಳದಲ್ಲಿತ್ತು. ಎತ್ತಿದಳು. ಭಾರ ಇತ್ತು. ಬಿಚ್ಚಿದಳು. ಉಕ್ಕಿನ ಗುಂಡು. ಮೇಲೆ ಕೊರೆದ ಅಂಕಿ, ಹದಿನೇಳು.

ಮೂವತ್ತು ವರ್ಷ ಬಟ್ಟೆಯಲ್ಲಿದ್ದ ಕಬ್ಬಿಣ. ತಣ್ಣಗಿರಬೇಕು. ಬೆಚ್ಚಗಿತ್ತು.

"ಯಪ್ಪಾ..."

"ಬಿದ್ದಿರಲಿಲ್ಲವ್ವಾ ಅದು." ಅಪ್ಪ ಅವಳನ್ನು ನೋಡಲಿಲ್ಲ. "ಬಳಿ ನಾನ ಹಿಡದೆ. ಗುಂಡ ತಗದೆ. ಅಷ್ಟರಾಗ ಬಾಜೂ ಮನಿ ಬೋರವ್ವ ಓಡಿ ಬಂದ್ಳು, ಶಾರವ್ವಗ ಭಾಳ ಆಗೈತಿ, ಕೂಸು ಅಡ್ಡ ಬಂದೈತಿ, ಲಗೂನ ಬಾ ಅಂತ. ಮಾಸ್ತರರು ಗಾಡಿ ಬಿಡಾಕ ಹತ್ತಿದ್ರು. ಅಲ್ಲಿಂದನ ಕೈ ಮಾಡಿದ್ರು, ಹೋಗು ಅಂತ. ಬಳಿ ಗೂಟಕ್ಕ ಹಾಕಿ ಓಡಿದೆ. ಗುಂಡ ಕಿಸೆದಾಗ ಬಿಟ್ಟಿದ್ದೆ. ನೆನಪ ಇರಲಿಲ್ಲ. ಗೂಟದ ಮ್ಯಾಲಿನ ಚೀಲ ಖಾಲಿ ಕಂಡು ಮಾಸ್ತರರು ಹುಡುಕಾಕ ಹೋಗ್ಯಾರ."

ಹೊರಗೆ ನಾಯಿ ಬೊಗಳುತ್ತಿದ್ದದ್ದು ಒಮ್ಮೆಲೇ ನಿಂತಿತು.

"ನೀ ಹುಟ್ಟಿದಿ. ಮುಂಜಾನೆ ಜಳಕಕ್ಕ ಅಂಗಿ ತಗದೆ. ಕಿಸೆ ಜಗ್ಗತು. ಅದೇ ಹೊತ್ತಿಗಿ ಬಂದು ಹೇಳಿದ್ರು, ಮಾಸ್ತರರು ಹಿಂಗ ಬಿದ್ದಾರ ಅಂತ." ಅಪ್ಪ ಹೊರಸಿನ ಅಂಚು ಹಿಡಿದ. "ಎನ್‌ಕ್ವಾಯರಿದಾಗ ಕೇಳಿದ್ರು. ಚೀಲ ಖಾಲಿ ಇತ್ರಿ ಅಂದೆ. ಡ್ರೈವರ್ ಬೀಳಿಸ್ಯಾನ ಅಂತ ಬರಕೊಂಡ್ರು. ಮಾಸ್ತರರ ಹೆಂಡತಿ ನೀಲಾಬಾಯಿ ಸಾಮಾನು ಕಟಗೊಂಡು ಹೋಗೂ ದಿನ, ಅವರ ಟ್ರಂಕ್ ನಾನ ಹೊತ್ತು ಗಾಡಿಗಿ ಏರಿಸಿದೆ. ಪುಣ್ಯಾತ್ಮ ಅಂದ್ರು ನನಗ."

ಅನುರಾಧಾ ಗುಂಡನ್ನು ಅಂಗೈಯಲ್ಲಿ ತಿರುಗಿಸಿದಳು. 

ಅಂಗಳದಲ್ಲಿ... ಕೀಂಯ್.

ಬಾಗಿಲ ಸಂದಿನಿಂದ ಒಂದು ಹಳದಿ ಗೆರೆ ನೆಲದ ಮೇಲೆ ಬಿತ್ತು. ಮೆಲ್ಲಗೆ ಸರಿಯಿತು. ಹೊಸ್ತಿಲ ಉದ್ದಕ್ಕೂ. ಆಮೇಲೆ ಹೊರಗೆ, ಹೊಸ್ತಿಲ ಹತ್ತಿರ, ಮಣ್ಣು ಕೆರೆಯುವ ಸದ್ದು. ಖರಕ್. ಖರಕ್.

ಅವಳು ಅಪ್ಪನ ಕಿವಿಗೆ ಬಾಯಿ ಇಟ್ಟು ಅಂದಳು, "ಕೊಟ್ಟ ಬಿಡ್ತೇನಿ. ಬಾಗಲಾ ತಗದು ಕೊಟ್ಟ ಬಿಡ್ತೇನಿ."

"ನೀ ಕೊಡಾಕ ಬರಂಗಿಲ್ಲ. ಹಿಡದಾವ್ನ ಕೈಯಿಂದನ ಹೋಗಬೇಕು. ಅದೂ ಮಷಿನ್ ಮುಂದ." ಅಪ್ಪ ಹೊರಸಿನಿಂದ ಇಳಿದ. ಗೂಟದ ಮೇಲಿನ ಅಂಗಿ ಹಾಕಿಕೊಂಡ. ಗುಂಡು ಕೈಯಲ್ಲಿ ಹಿಡಿದ. "ಹಿತ್ತಲ ಬಾಗಲಾ ತಗಿ. ಹಿಂದ ನೋಡಬ್ಯಾಡ."

ಒಂದೂಕಾಲು ಗಂಟೆ ಆಗಿತ್ತು. ಅಪ್ಪನ ಒಂದು ಕೈ ಅವಳ ಹೆಗಲ ಮೇಲೆ. ಅವನ ಎಡಗಾಲು ಎಳೆಯುವ ಸದ್ದು ಸರ್ರ್... ಸರ್ರ್. ಊರು ದಾಟಿದ ಮೇಲೆ ಅದರ ಜೊತೆ ಇನ್ನೊಂದು ಸೇರಿತು.

ಟಕ್... ಪಸ್.

ಬೆಳಕು ಹಿಂದಿನಿಂದ ಬರುತ್ತಿತ್ತು. ದಾರಿಯ ಮೇಲೆ ತಮ್ಮಿಬ್ಬರ ನೆರಳು ಮುಂದೆ ಉದ್ದಕ್ಕೆ ಬಿದ್ದದ್ದನ್ನು ಅವಳು ನೋಡಿದಳು. ಎರಡು ನೆರಳು. ಮೂರನೆಯದು ಇರಲಿಲ್ಲ. ಬಾವಿಯ ಹತ್ತಿರ ಅಪ್ಪನಿಗೆ ದಮ್ಮು ಹತ್ತಿತು. ನಿಂತ. ಹಿಂದಿನ ಹೆಜ್ಜೆಯೂ ನಿಂತಿತು. ಕಂದೀಲಿನ ಬತ್ತಿ ಉರಿಯುವ ಸದ್ದು ಸುಯ್ ಅಂತ, ಅಷ್ಟು ಹತ್ತಿರ.

"ನಡಿ," ಅಂದಳು. ತುಟಿ ಅಲುಗಿಸಿದಳು ಅಷ್ಟೇ, ದನಿ ಬರಲಿಲ್ಲ.

ಹೊಸ ಕಟ್ಟಡದಲ್ಲಿ ದೀಪ ಇತ್ತು. ರಾತ್ರಿ ಪಾಳಿಯವನು ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ಅವನು ಕಿಟಕಿಯಿಂದ ನೋಡಿದ್ದರೆ ಕಾಣುತ್ತಿದ್ದರು. ನೋಡಲಿಲ್ಲ. ಹಳೆಯ ಖೋಲಿಯ ಕೀಲಿ ತೆಗೆಯುವಾಗ ಅಪ್ಪ ಅವಳ ಕೈಯ ಮೇಲೆ ತನ್ನ ಕೈ ಇಟ್ಟು ತಿರುಗಿಸಿದ.

ಒಳಗೆ ಧೂಳು. ಮಷಿನ್. ಕತ್ತರಿಸಿದ ವೈರುಗಳನ್ನು ಸಂತೋಷಕುಮಾರ ಸುತಳಿಯಿಂದ ಕಟ್ಟಿ ಪಕ್ಕಕ್ಕೆ ಇಟ್ಟಿದ್ದ. ಬ್ಯಾಟರಿ ತೆಗೆದು ಎರಡು ದಿನವಾಗಿತ್ತು. ಅವಳು ಟಾರ್ಚು ಹಚ್ಚಿದಳು. ಹತ್ತಿತು. ಆರಿತು. ಮತ್ತೆ ಹತ್ತಲಿಲ್ಲ.

ಅಪ್ಪ ಮಷಿನ್ನಿಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಮಾಡಿ ನಿಂತ. ನೆಟ್ಟಗೆ. ಎಳೆಯುವ ಕಾಲನ್ನೂ ಜೋಡಿಸಿದ. ಅಂಗೈ ಮುಂದೆ ಚಾಚಿದ.

"ಸಾಹೇಬ್ರ. ತಪ್ಪಾತ್ರಿ. ಹಳಿ ಮ್ಯಾಲೆ ಬಿದ್ದಿರಲಿಲ್ರಿ. ನನ್ನ ಕಿಸೆದಾಗ ಇತ್ರಿ."

ಕತ್ತಲು. ದೂರದಲ್ಲಿ ಹಳಿ, ಟಿಕ್.

"ಚೀಲ ಖಾಲಿ ಇತ್ತು ಅಂತ ನಾ ಸುಳ್ಳ ಹೇಳಿದ್ನಿರಿ."

ಟಕ್... ಪಸ್. ಹೊಸ್ತಿಲ ಮೇಲೆ.

ಅಪ್ಪ ಉಸಿರು ಎಳೆದುಕೊಂಡು, ಮೂವತ್ತು ವರ್ಷದ ಹಿಂದೆ ಕೂಗುತ್ತಿದ್ದ ದನಿಯಲ್ಲಿ ಕೂಗಿದ. "ಬದಾಮಿ ಕಡೀದು. ಹದಿನೇಳು."

 ಅವಳು ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ರೆಪ್ಪೆಯ ಮೇಲೆ ಹಳದಿ ಬಂತು. ಸೀಮೆಎಣ್ಣೆಯ ವಾಸನೆ ಗಂಟಲಿಗೆ ಇಳಿಯಿತು. ಆಮೇಲೆ, ಅವಳ ಕಿವಿಯ ಪಕ್ಕದಲ್ಲೇ, ಪಿಸುಮಾತು.

"ಹದಿನೇಳು."

ಗಡ್... ಗಡ್... ಗಡ್... ಟಕ್. ಕಬ್ಬಿಣದ ಹೊಟ್ಟೆಯೊಳಗೆ ಗುಂಡು ಉರುಳಿ ಕೂತ ಸದ್ದು. ಬಳಿಕ ಮಷಿನ್ನಿನ ಗಂಟೆ.

ಟಣ್.

ಒಂದೇ ಸಲ. ವೈರಿಲ್ಲದ ಮಷಿನ್.

ಅವಳು ಮುಗಿಯಿತು ಅಂದುಕೊಂಡಳು. ಮುಗಿದಿರಲಿಲ್ಲ. ಸುಯ್ ಅನ್ನುವ ಸದ್ದು ಹೋಗಲಿಲ್ಲ.

"ದೇವಪ್ಪ..." ಪಿಸುಮಾತು ಈಗ ಅಪ್ಪನ ಕಡೆಯಿಂದ ಬಂತು. "ಏನ ಹುಟ್ಟಿತೋ?"

ಅಪ್ಪ ಅಂದ, "ಹೆಣ್ಣ ಮಗಳ್ರಿ."

"ಬದಕೈತೇನು?"

"ಬದಕೈತ್ರಿ... ಇಲ್ಲೇ ನಿಂತಾಳ್ರಿ."

ಕೀಂಯ್. ಹಿಡಿಕೆ ಮೇಲೆದ್ದಿತು. ಅನುರಾಧಾಳ ಎಡಗೆನ್ನೆಗೆ ಬಿಸಿ ತಾಗಿತು. ಯಾರೋ ಕಂದೀಲು ಎತ್ತಿ ಅವಳ ಮುಖ ನೋಡುತ್ತಿದ್ದರು. ಹಣೆಯಿಂದ ಗದ್ದದವರೆಗೆ. ಅವಸರ ಇರಲಿಲ್ಲ. ಕೂಸಿನ ಮುಖ ನೋಡುವ ಹಾಗೆ... ಆದರೆ ಉಸಿರು ಇರಲಿಲ್ಲ. ಅಷ್ಟು ಹತ್ತಿರ ಇದ್ದವರ ಉಸಿರು ತಾಗಬೇಕು. ತಾಗಲಿಲ್ಲ.

ಅವಳು ಎಣಿಸಿದಳಂತೆ. ಹನ್ನೊಂದರವರೆಗೆ. ಆಮೇಲೆ ಬಿಸಿ ಹೋಯಿತು.

ಕಣ್ಣು ತೆಗೆದಾಗ ಟಾರ್ಚು ತಾನೇ ಉರಿಯುತ್ತಿತ್ತು. ಅಪ್ಪ ಇದ್ದಲ್ಲೇ ಇದ್ದ, ಮಷಿನ್ನಿಗೆ ಬೆನ್ನು ಮಾಡಿ. ಅಂಗೈ ಇನ್ನೂ ಚಾಚಿತ್ತು. ಖಾಲಿ. ಅವನು ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ನೆಲದ ಧೂಳಿನಲ್ಲಿ ಬಾಗಿಲಿನಿಂದ ಅವನವರೆಗೆ ಅವರಿಬ್ಬರ ಹೊಸ ಹೆಜ್ಜೆ ಮಾತ್ರ ಇದ್ದವು. ಮಷಿನ್ನಿನ ಹತ್ತಿರದ ಧೂಳು ಹಾಗೇ ಇತ್ತು.

ಮನೆಗೆ ಬಂದರು. ಬೆಳಕಿಲ್ಲ, ಹೆಜ್ಜೆಯಿಲ್ಲ. ಅಪ್ಪ ಅಂಗಿ ತೆಗೆದು ಗೂಟಕ್ಕೆ ಹಾಕಿ ಮಲಗಿದ. ಗಡದ್ದು ನಿದ್ದೆ. ಅವಳು ಕೂತೇ ಇದ್ದಳು. ಆರಕ್ಕೆ ಸ್ಟೇಷನ್ನಿಗೆ ಹೋಗಿ ಬಾಗಿಲು ತೆಗೆದುಕೊಟ್ಟಳು. ನಾಲ್ಕು ಜನ ಮಷಿನ್ ಎತ್ತಿ ಲಾರಿಗೆ ಏರಿಸಿದರು.

ಆ ದಿನವೇ ಅಪ್ಪ ಒಂದು ಕಾಗದ ಬರೆಸಿ ಸಂತೋಷಕುಮಾರನಿಗೆ ಕೊಟ್ಟ. ಗುಂಡು ಡ್ರೈವರ್ ಬೀಳಿಸಿದ್ದಲ್ಲ, ತನ್ನ ಕಿಸೆಯಲ್ಲಿ ಉಳಿದದ್ದು ಅಂತ. ಸಂತೋಷಕುಮಾರ ಎರಡು ಸಲ ಓದಿದ. "ಮೂವತ್ತ ವರ್ಷದ ಮಾತು. ಈಗ ಯಾಕ್ರಿ ಕಾಕಾ?" ಅಂದ. "ಈಗರೆ ಮ್ಯಾಲೆ ಕಳಸ್ರಿ," ಅಂದ ಅಪ್ಪ. ಕಳಿಸಿದ್ದಾರೆ. ಉತ್ತರ ಬಂದಿಲ್ಲ.

ಹಳೆಯ ಕಟ್ಟಡ ಈಗಿಲ್ಲ. ಅನುರಾಧಾ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ಮನೆಗೆ ಹೋಗುತ್ತಾಳೆ. ಬೆಳಕು ಮತ್ತೆ ಕಂಡಿಲ್ಲ.

ನಾನು ಇದನ್ನು ಸುಮ್ಮನೆ ನಂಬಲಿಲ್ಲ. ಎರಡು ವಾರದ ಮೇಲೆ ಹೋದೆ. ದಾರಿ ಅಳೆದೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಇಬ್ಬರ ಮಾತೂ ಒಂದೇ. ಹೆದರಿದವರಿಗೆ ಇಲ್ಲದ್ದೂ ಕೇಳುತ್ತದೆ ಅಂದೆ. ಅನುರಾಧಾ ವಾದ ಮಾಡಲಿಲ್ಲ. ಆ ರಾತ್ರಿ ಅಪ್ಪ ಹಾಕಿಕೊಂಡಿದ್ದ ಅಂಗಿ ತಂದು ನನ್ನ ಮುಂದೆ ಇಟ್ಟಳು. ಬಿಳಿ ಅಂಗಿ. ಮೂರು ಸಲ ತೊಳೆದಿದ್ದಳು.

"ಕಿಸೆ ತಿರುಗಿಸಿ ನೋಡು," ಅಂದಳು.

ತಿರುಗಿಸಿದೆ. ಒಳಗೆ, ಬಟ್ಟೆಯ ಮೇಲೆ, ಕಂದೀಲಿನ ಮಸಿ. ನಾಲ್ಕು ಬೆರಳು, ತಳದವರೆಗೆ, ಏನನ್ನೋ ಹುಡುಕಿದ ಹಾಗೆ. ಹೆಬ್ಬೆರಳಿನ ಗುರುತು ಕಿಸೆಯ ಹೊರಗೆ. ಆ ಮನೆಯಲ್ಲಿ ಕಂದೀಲು ಇಲ್ಲ, ಸೀಮೆಎಣ್ಣೆ ಬರದೆ ಹತ್ತು ವರ್ಷವಾಯಿತು. ದೇವಪ್ಪ ಮಾವನ ಬೆರಳು ಇಟ್ಟು ನೋಡಿದೆ. ಅವು ಮೋಟು. ಗುರುತಿನವು ಉದ್ದ.

ಇದು ಆದದ್ದೇ. ಮಾವ ಈಗ ಕಿಸೆಯಿಲ್ಲದ ಅಂಗಿ ಹೊಲಿಸುತ್ತಾನೆ. ಹೋಗಿ ನೋಡಿ.